ಕಾವು ಕೂತ ಕಾಯಿಲ್

"ಇನ್ನು ಮುಂದೆ ಈ ಮನೆಯಲ್ಲಿ ಕರೆಂಟ್ ಹೋದರೂ ಕಾವು ಆರದು. ಇದು ನನ್ನ ಮಾತು" ಎಂದು ನಾನು ಊಟದ ಮೇಜಿನ ಮುಂದೆ ಎದ್ದು ನಿಂತು, ಬಲಗೈ ಮೇಲೆತ್ತಿ ಘೋಷಿಸಿದೆ. ನನ್ನ ಹೆಂಡತಿ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಕೂತ್ಕೊಂಡು ಹೇಳಿ. ನೀರಿನ ಲೋಟ ಬೀಳುತ್ತೆ" ಅಂದಳು.

ಬಿತ್ತು.

ಅದನ್ನು ಒರೆಸುತ್ತಾ ನಾನು ಯಾರು, ಏನು ಅಂತ ಹೇಳಿಬಿಡುತ್ತೇನೆ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವನು. ಇಂಡಕ್ಟರು, ಕೆಪಾಸಿಟರುಗಳ ಪಾಠ ನನಗೆ ನೀರು ಕುಡಿದಷ್ಟು ಸಲೀಸು. ಕಣ್ಣು ಮುಚ್ಚಿಕೊಂಡು ಬೋರ್ಡಿನ ಮೇಲೆ ಸುರುಳಿ ಬರೆಯಬಲ್ಲೆ. ನಿಜವಾದ ಸುರುಳಿಯ ತಂತಿಗೆ ರೋಧ ಅಂತ ಒಂದು ಇರುತ್ತದೆ, ಅದರಿಂದ ಅದು ಬಿಸಿಯಾಗುತ್ತದೆ. ಅದರ ಗೋಜಿಗೆ ನಾನು ಹೋಗುವುದಿಲ್ಲ. "ಇದನ್ನು ನಗಣ್ಯವೆಂದು ಭಾವಿಸೋಣ" ಎಂದು ಹೇಳಿ ಮುಂದಿನ ಸಾಲಿಗೆ ಹೋಗುತ್ತೇನೆ. ಗಾಳಿಯ ತಡೆ ನಗಣ್ಯ, ರಾಟೆಯ ತೂಕ ನಗಣ್ಯ, ಹಿಂದಿನ ಬೆಂಚಿನವರ ಪ್ರಶ್ನೆ ನಗಣ್ಯ. ವಿದ್ಯಾರ್ಥಿಗಳು ನನಗೆ ನಗಣ್ಯ ಮೇಷ್ಟ್ರು ಅಂತಲೇ ಹೆಸರಿಟ್ಟಿದ್ದಾರೆ. ಆ ಹೆಸರನ್ನೂ ನಾನು ನಗಣ್ಯವೆಂದೇ ಭಾವಿಸಿದ್ದೆ.

ಈಗ ಕಾವಿನ ವಿಷಯ. ನಮ್ಮ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ಒಂದು ಬಾತುಕೋಳಿ ಸಾಕಿದ್ದರು. ಅವರು ಅಂಗಡಿಗೆ ಹೋದರೆ ಅದೂ ಹಿಂದೆ ಹಿಂದೆ ಅಂಗಡಿಯ ಬಾಗಿಲವರೆಗೆ ಹೋಗಿ, ಸಾಮಾನು ಕಟ್ಟಿಸುವ ತನಕ ಕಾದಿದ್ದು, ಜೊತೆಗೇ ವಾಪಸ್ಸು ಬರುತ್ತಿತ್ತು. ಕಾವಿಗೆ ಕೂತಿದ್ದಾಗ ಅದನ್ನು ಬೀದಿನಾಯಿ ಹಿಡಿಯಿತು. ಮೊಟ್ಟೆಗಳು ಮಾತ್ರ ಗೂಡಿನಲ್ಲಿ ಇನ್ನೂ ಬೆಚ್ಚಗೆ ಇದ್ದವಂತೆ. ಅತ್ತೆ ಅವನ್ನು ಶಾಲಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು, ಬಸ್ಸಿನಲ್ಲಿ ಯಾರ ಮೊಣಕೈಯೂ ತಾಗದ ಹಾಗೆ ಬಾಗಿ ಕೂತು ನಮ್ಮ ಮನೆಗೆ ಬಂದರು. ಬಂದವರೇ ಮಗಳ ಮುಖ ನೋಡಿ, "ಇವಿಷ್ಟೇ ಉಳಿದಿರೋದು. ಏನಾದ್ರೂ ಮಾಡೇ" ಅಂದರು.

ನನ್ನ ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ರೋಗಿಗಳ ಗಂಟಲಿನಿಂದ ತೆಗೆದ ಕ್ರಿಮಿಗಳನ್ನು ಹದವಾದ ಬಿಸಿಯಲ್ಲಿಟ್ಟು ಬೆಳೆಸುವುದೇ ಅವಳ ಉದ್ಯೋಗ. "ಅಂಥಾ ಕ್ರಿಮಿಗಳಿಗೇ ಮನೆ ಮಾಡಿಕೊಡ್ತೀನಿ, ಬಾತುಮರಿ ಯಾವ ಲೆಕ್ಕ ಬಿಡಮ್ಮ" ಎಂದು ಒಂದು ಥರ್ಮಾಕೋಲ್ ಪೆಟ್ಟಿಗೆಗೆ ಹನ್ನೆರಡು ವೋಲ್ಟಿನ ಎರಡು ಬಲ್ಬು ಕೂರಿಸಿದಳು. ಬಿಸಿ ಹೆಚ್ಚಾದರೆ ಬಲ್ಬು ತಾನೇ ಆರುವ, ಕಮ್ಮಿಯಾದರೆ ತಾನೇ ಉರಿಯುವ ಥರ್ಮೋಸ್ಟಾಟ್ ಒಂದನ್ನು ಸಿಕ್ಕಿಸಿದಳು. ಒಂದು ಬಟ್ಟಲಲ್ಲಿ ನೀರಿಟ್ಟಳು, ಇಣುಕಿ ನೋಡಲು ಒಂದು ಪುಟ್ಟ ಕಿಟಕಿ ಕೊರೆದಳು. ಸಂಜೆಯೊಳಗೆ ಮೊಟ್ಟೆಗಳು ಒಳಗೆ ಸೇರಿದವು. ತೊಂದರೆ ಇದ್ದದ್ದು ಒಂದೇ. ನಮ್ಮ ಬೀದಿಯ ಕರೆಂಟಿಗೆ ಹೇಳಿ ಹೋಗುವ ಅಭ್ಯಾಸವಿಲ್ಲ, ಹೋದಮೇಲೆ ಬೇಗ ಬರುವ ಅಭ್ಯಾಸ ಮೊದಲೇ ಇಲ್ಲ. ಮೊಟ್ಟೆ ತಣ್ಣಗಾದರೆ ಅತ್ತೆಯ ಬಾತಿನ ವಂಶ ಅಲ್ಲಿಗೆ ಮುಗಿಯಿತು.

"ಒಂದು ಬ್ಯಾಟರಿ ತನ್ನಿ" ಅಂದಳು ಹೆಂಡತಿ. "ಬಲ್ಬು ಹನ್ನೆರಡು ವೋಲ್ಟು, ಬ್ಯಾಟರಿ ಹನ್ನೆರಡು ವೋಲ್ಟು. ಎರಡು ವೈರು ಸಾಕು."

ನಾನು ಕರುಣೆಯಿಂದ ನಕ್ಕೆ. "ಬ್ಯಾಟರಿ ಇಳೀತಾ ಹೋದ ಹಾಗೆ ಬಲ್ಬು ಮಂಕಾಗುತ್ತೆ ಕಣೇ. ಎರಡು ಬ್ಯಾಟರಿ ಸಾಲಾಗಿ ಸೇರಿಸಿ ಇಪ್ಪತ್ನಾಲ್ಕು ಮಾಡಬೇಕು. ಅದನ್ನ ಸ್ವಿಚಿಂಗ್ ಸರ್ಕ್ಯೂಟಿನಿಂದ ಹನ್ನೆರಡಕ್ಕೆ ಇಳಿಸಬೇಕು. ಆಗ ಕೊನೇವರೆಗೂ ಒಂದೇ ಬೆಳಕು. ಸರ್ಕ್ಯೂಟನ್ನ ನಾನೇ ಮಾಡ್ತೀನಿ. ಅದರ ಸೊಗಸು ಏನು ಗೊತ್ತಾ? ಒಂದು ಚೂರೂ ಬಿಸಿಯಾಗಿ ಪೋಲಾಗಲ್ಲ."

"ಒಂದು ಚೂರೂ ಬಿಸಿಯಾಗಲ್ವಾ?"

"ಒಂದು ಚೂರೂ."

"ಈ ಪೆಟ್ಟಿಗೆ ಮಾಡಿರೋದು ಯಾತಕ್ಕೆ?"

"ಬಿಸಿ ಮಾಡೋಕೆ."

"ಹೂಂ" ಅಂದಳು. ಆ ಹೂಂನಲ್ಲಿ ಏನಿತ್ತು ಅಂತ ನನಗೆ ಆವತ್ತು ಹೊಳೆಯಲಿಲ್ಲ. ಹೊಳೆದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಅತ್ತೆಗೆ ಧೈರ್ಯ ಬರಲಿ ಅಂತ ಊಟ ಮಾಡುತ್ತಲೇ ಇಡೀ ಸರ್ಕ್ಯೂಟನ್ನು ಬಿಡಿಸಿ ಹೇಳಿದೆ. "ನೋಡಿ ಅತ್ತೆ, ಒಂದು ಸ್ವಿಚ್ಚು ಸೆಕೆಂಡಿಗೆ ಸಾವಿರಾರು ಸಲ ಹಾಕಿ ತೆಗೆದು, ಹಾಕಿ ತೆಗೆದು ಮಾಡ್ತಾ ಇರುತ್ತೆ. ಅದರ ಮುಂದೆ ಕಾಯಿಲು. ಅದೇ ಇಂಡಕ್ಟರು. ಅದಕ್ಕೆ ಅವಸರ ಅಂದ್ರೆ ಆಗಲ್ಲ. ಹೊರಡು ಅಂದ್ರೆ ಹೊರಡಲ್ಲ, ಹೊರಟ ಮೇಲೆ ನಿಲ್ಲು ಅಂದ್ರೆ ನಿಲ್ಲಲ್ಲ." ಹಾಗನ್ನುವಾಗ ನನ್ನ ಕಣ್ಣು ಯಾಕೋ ಅತ್ತೆಯ ಕಡೆಗೇ ಹೋಯಿತು. "ಆಮೇಲೆ ಕೆಪಾಸಿಟರು. ಅದು ಎಲ್ಲಾನೂ ಒಳಗೇ ತುಂಬಿಟ್ಟುಕೊಂಡಿದ್ದು, ಸಮಯ ನೋಡಿ ಹೊರಗೆ ಹಾಕುತ್ತೆ." ಈ ಸಲ ಕಣ್ಣು ಹೆಂಡತಿಯ ಕಡೆ ಹೋಯಿತು.

ಅವಳು ನಿಧಾನವಾಗಿ ಕೈ ತೊಳೆದು ಬಂದಳು. "ಅಂದ್ರೆ ಅಮ್ಮ ಕಾಯಿಲು, ನಾನು ಕೆಪಾಸಿಟರು. ನೀವು ಆ ಸ್ವಿಚ್ಚು. ಕೆಲಸ ಎಲ್ಲ ನಾವು ಮಾಡಬೇಕು, ನೀವು ಟಪಟಪ ಅಂತಿದ್ರೆ ಆಯ್ತು."

ಬಂದಾಗಿನಿಂದ ಬಿಗಿದುಕೊಂಡಿದ್ದ ಅತ್ತೆಯ ಮುಖ ಆವತ್ತು ಮೊದಲ ಸಲ ಸಡಿಲವಾಯಿತು. ನನ್ನನ್ನು ಗೇಲಿ ಮಾಡಿದ್ದರಿಂದಾದರೂ ಆಯಿತಲ್ಲ ಅಂತ ಊಟ ಮುಂದುವರಿಸಿದೆ.

ಮಾರನೇ ದಿನ ಸ್ಟಾಫ್ ರೂಮಿನಲ್ಲಿ ನಾಲ್ಕು ಜನರ ಕಿವಿಗೆ ಬೀಳುವ ಹಾಗೆ ನನ್ನ ಯೋಜನೆ ಸಾರಿದೆ. ರಸಾಯನಶಾಸ್ತ್ರದ ಮೇಷ್ಟ್ರೊಬ್ಬರಿದ್ದಾರೆ, ವಿದ್ಯಾರ್ಥಿಗಳು ಅವರನ್ನು ಆಮ್ಲ ಅಂತ ಕರೆಯುವುದು ಅವರ ವಿಷಯದ ಕಾರಣಕ್ಕೆ ಮಾತ್ರ ಅಲ್ಲ. ಆಮ್ಲ ಕನ್ನಡಕ ಇಳಿಸಿ ಕೇಳಿದರು:

"ಮೇಷ್ಟ್ರೇ, ಇಂಡಕ್ಟರನ್ನ ಬೋರ್ಡ್ ಮೇಲೆ ಬರೀತಾ ಬರೀತಾ ನಿಮ್ಮ ಕೂದಲು ಬೆಳ್ಳಗಾಯ್ತು. ಯಾವತ್ತಾದ್ರೂ ಒಂದನ್ನ ಕೈಯಲ್ಲಿ ಹಿಡಿದಿದ್ದೀರಾ?"

"ನೀವು ಯಾವತ್ತಾದ್ರೂ ಒಂದು ಅಣುವನ್ನ ಕೈಯಲ್ಲಿ ಹಿಡಿದಿದ್ದೀರಾ?" ಅಂದೆ. ಎಲ್ಲರೂ ನಕ್ಕರು. ಆ ನಗುವಿನ ಉಬ್ಬಿನಲ್ಲೇ ಬಿಡಿಭಾಗಗಳ ಅಂಗಡಿಗೆ ನಡೆದೆ.

ಇಂಡಕ್ಟರ್ ನೂರು ಮೈಕ್ರೊಹೆನ್ರಿ ಇರಬೇಕು ಅಂತ ಸೂತ್ರ ಹಾಕಿ ಲೆಕ್ಕ ತೆಗೆದಿದ್ದೆ. ಅಂಗಡಿಯವನು ಎರಡು ಕಾಯಿಲ್ ತಂದು ಗಾಜಿನ ಮೇಲಿಟ್ಟ. ಒಂದು ನಿಂಬೆಹಣ್ಣಿನ ಗಾತ್ರ, ದಪ್ಪ ತಾಮ್ರದ ತಂತಿ. ಇನ್ನೊಂದು ಕಡಲೆಕಾಯಿ ಬೀಜದಷ್ಟು, ಕೂದಲಿನಂಥ ತಂತಿ. ಎರಡರ ಮೇಲೂ ಅದೇ ನೂರು.

"ಎರಡಕ್ಕೂ ಏನಯ್ಯಾ ವ್ಯತ್ಯಾಸ?"

"ಇದು ದಪ್ಪ, ಇದು ಸಣ್ಣ ಸಾರ್."

"ಅದು ಕಾಣುತ್ತೆ."

"ನನಗೂ ಅಷ್ಟೇ ಸಾರ್ ಕಾಣೋದು."

ನೂರು ಅಂದಮೇಲೆ ನೂರು. ಚಿಕ್ಕದಾಗಿ ಚೊಕ್ಕವಾಗಿರುವುದನ್ನೇ ಆರಿಸಿದೆ. ಯಾವ ಕಾಯಿಲ್ ಎಷ್ಟು ಕರೆಂಟ್ ಹೊರಬಲ್ಲದು, ಹೊರೆ ಮೀರಿದರೆ ಅದರ ತಿರುಳು ಹೇಗೆ ಕೈಚೆಲ್ಲುತ್ತದೆ, ಆಗ ಅದು ಕಾಯಿಲ್‌ತನವನ್ನೇ ಬಿಟ್ಟು ಬರೀ ತಂತಿಯ ಹಾಗೆ ಬಿಸಿಯಾಗುತ್ತಾ ಕೂರುತ್ತದೆ ಎಂಬುದೆಲ್ಲ ನಮ್ಮ ಪುಸ್ತಕದ ಅಡಿಟಿಪ್ಪಣಿಯಲ್ಲಿ ಇದೆ. ಅಡಿಟಿಪ್ಪಣಿ ಪರೀಕ್ಷೆಗೆ ಬರುವುದಿಲ್ಲ, ಹಾಗಾಗಿ ನಾನು ಓದಿರಲಿಲ್ಲ. ಕೆಪಾಸಿಟರುಗಳನ್ನು ಹದಿನಾರು ವೋಲ್ಟಿನವು ಕೊಡು ಅಂದೆ. ಹೊರಗೆ ಬರುವುದು ಹನ್ನೆರಡು, ಹದಿನಾರು ಬೇಕಾದಷ್ಟಾಯಿತು. ಅವೇ ಕೆಪಾಸಿಟರುಗಳಲ್ಲಿ ಒಂದನ್ನು ಒಳಬರುವ ಕಡೆಗೂ ಹಾಕಿದೆ. ಅಲ್ಲಿ ಬರುವುದು ಇಪ್ಪತ್ನಾಲ್ಕು ಎಂಬುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ, ನಾನೇ ಊಟದ ಮೇಜಿನ ಮುಂದೆ ಘೋಷಿಸಿದ್ದು.

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಪ್ರಥಮ ಪ್ರಯೋಗ. ಅತ್ತೆ ಕುರ್ಚಿ ಎಳೆದುಕೊಂಡು ಕೂತರು. ನಾನು ಗಂಟಲು ಸರಿಮಾಡಿಕೊಂಡು ಬ್ಯಾಟರಿ ಜೋಡಿಸಿದೆ. ಒಳಬರುವ ಕಡೆಯ ಕೆಪಾಸಿಟರು ತಲೆ ಉಬ್ಬಿಸಿಕೊಂಡಿತು, ಒಂದು ಕ್ಷಣ ಯೋಚನೆ ಮಾಡಿತು, ಆಮೇಲೆ ಟಪ್ಪೆಂದು ಸಿಡಿಯಿತು. ಅದರ ತಗಡಿನ ಟೋಪಿ ನನ್ನ ಕಿವಿಯ ಪಕ್ಕದಿಂದ ಹಾದು ಗೋಡೆ ಗಡಿಯಾರಕ್ಕೆ ಬಡಿಯಿತು. ಮೀನು ಸೀದ ಹಾಗೆ ವಾಸನೆ. ಒಳಗಿನ ಒದ್ದೆ ಕಾಗದದ ಚೂರುಗಳು ನನ್ನ ಹುಬ್ಬಿನ ಮೇಲೆ ಬಂದು ಕೂತವು.

ಹೆಂಡತಿ ಅಡುಗೆಮನೆ ಬಾಗಿಲಲ್ಲೇ ನಿಂತು ನೋಡಿದಳು. "ಕೆಪಾಸಿಟರು ನಾನೇ ಅಂತ ತಾನೇ ಹೇಳಿದ್ದು? ತಡಕೊಳ್ಳೋದಕ್ಕಿಂತ ಜಾಸ್ತಿ ಹೇರಿದ್ರೆ ಹೀಗೇ ಆಗೋದು. ನೆನಪಿಟ್ಕೊಳ್ಳಿ."

ಮತ್ತೆ ಅಂಗಡಿಗೆ ಓಡಿ ಐವತ್ತು ವೋಲ್ಟಿನದನ್ನು ತಂದು ಹಾಕಿದೆ. ಈ ಸಲ ಏನೂ ಸಿಡಿಯಲಿಲ್ಲ. ಬಲ್ಬು ಹತ್ತಿಕೊಂಡವು. ಹತ್ತಿಕೊಂಡವು ಅನ್ನುವುದಕ್ಕಿಂತ ಕೆಂಪಗೆ ಕಣ್ಣುಬಿಟ್ಟವು ಅನ್ನಬೇಕು. ಕಾಯಿಲ್ ಮಾತ್ರ ತನ್ನಷ್ಟಕ್ಕೆ ಕುಂಯ್‌ಯ್‌ಯ್ ಅಂತ ಸಣ್ಣಗೆ, ಬಿಡದೆ ಕೂಗಲು ಶುರು ಮಾಡಿತು.

"ಬಲ್ಬು ಮಂಕಾಗಿದೆ" ಅಂದಳು ಹೆಂಡತಿ.

"ನಗಣ್ಯ."

"ಕೂಗ್ತಿದೆ."

"ನಗಣ್ಯ" ಅಂತ ಹೇಳುತ್ತಾ ಕಾಯಿಲ್ ಮೇಲೆ ಬೆರಳಿಟ್ಟೆ. ಬೆರಳ ತುದಿಯಲ್ಲಿ ಬೊಬ್ಬೆ ಎದ್ದಿತು. ಅದನ್ನು ನಗಣ್ಯವೆಂದು ಭಾವಿಸಲು ಬಹಳ ಕಷ್ಟವಾಯಿತು.

"ಊಟದ ಮೇಜಿನ ಮೇಲೆ ಈ ಅಳುಬುರುಕ ಬೇಡ" ಅಂತ ಅವಳು ಕಡ್ಡಿ ಮುರಿದಂತೆ ಹೇಳಿದಳು. ವೈರು ಗಿಡ್ಡವಾದಷ್ಟೂ ಒಳ್ಳೆಯದು ಎಂಬ ತತ್ವವನ್ನು ಮುಂದೆ ಮಾಡಿ ನಾನು ಸರ್ಕ್ಯೂಟನ್ನು ಪೆಟ್ಟಿಗೆಯೊಳಗೇ, ಮೊಟ್ಟೆಗಳ ತಟ್ಟೆಯ ಕೆಳಗೆ ಕೂರಿಸಿಬಿಟ್ಟೆ. ಕರೆಂಟ್ ಇರುವಾಗ ಬ್ಯಾಟರಿ ಚಾರ್ಜ್ ಆಗುತ್ತಿರಲಿ, ಪೆಟ್ಟಿಗೆ ಮಾತ್ರ ಹಗಲೂ ಇರುಳೂ ನನ್ನ ಸರ್ಕ್ಯೂಟಿನಿಂದಲೇ ನಡೆಯಲಿ ಅಂತ ಅಪ್ಪಣೆ ಮಾಡಿದೆ.

ನೀವು ನಂಬುವುದಿಲ್ಲ, ನಡೆಯಿತು. ಕರೆಂಟ್ ಹೋಯಿತು, ಬಂತು, ಮತ್ತೆ ಹೋಯಿತು. ಪೆಟ್ಟಿಗೆಯೊಳಗಿನ ಉಷ್ಣಮಾಪಕ ಕದಲಲಿಲ್ಲ. ಅತ್ತೆ ಬೆಳಿಗ್ಗೆ ಸಂಜೆ ಮೊಟ್ಟೆ ಹೊರಳಿಸಿಡುತ್ತಾ "ಅಳಿಯಂದ್ರು ಏನೋ ಮಾಡಿದ್ದಾರಪ್ಪ" ಅಂತ ಪಕ್ಕದ ಮನೆಯವರಿಗೆ ಹೇಳುವುದು ನನ್ನ ಕಿವಿಗೆ ಬಿತ್ತು. ನಾನು ಒಂದು ಅಂಗುಲ ಎತ್ತರವಾದೆ.

ಒಂದು ದಿನ ಹೆಂಡತಿ ಪೆಟ್ಟಿಗೆಯ ಕಿಟಕಿಯಲ್ಲಿ ಇಣುಕಿ ಬಹಳ ಹೊತ್ತು ನೋಡಿದಳು.

"ರೀ, ಬಲ್ಬು ಹೆಸರಿಗೆ ಮಾತ್ರ ಉರೀತಿದೆ. ಬಿಸಿ ಎಲ್ಲಿಂದ ಬರ್ತಿದೆ?"

ತಟ್ಟೆ ಎತ್ತಿದಳು, ಕಾಯಿಲ್ ಹತ್ತಿರ ಅಂಗೈ ಹಿಡಿದಳು. ಆಮೇಲೆ ಗೋಡೆಗೆ ಒರಗಿಕೊಂಡು ನಗತೊಡಗಿದಳು. "ಇದೇ ರೀ ನಿಮ್ಮ ಒಂದು ಚೂರೂ ಬಿಸಿಯಾಗದ ಸರ್ಕ್ಯೂಟು. ಬಿಸಿ ಮಾಡಲಿ ಅಂತ ಇಟ್ಟ ಬಲ್ಬು ಸುಮ್ನೆ ಕೂತಿದೆ, ಬಿಸಿ ಆಗಬಾರದು ಅಂತ ಮಾಡಿದ್ದು ಮೊಟ್ಟೆಗೆ ಕಾವು ಕೊಡ್ತಿದೆ. ನೀವು ಸರಿಯಾಗಿ ಮಾಡಿಲ್ಲ, ಅದಕ್ಕೇ ಸರಿಹೋಗಿದೆ. ದಮ್ಮಯ್ಯ, ಇನ್ನು ಇದನ್ನ ಮುಟ್ಟಬೇಡಿ."

ನಾನು ಮುಟ್ಟುತ್ತಿರಲಿಲ್ಲ. ಆದರೆ ಆಮ್ಲ ಮೇಷ್ಟ್ರು ರಕ್ತಪರೀಕ್ಷೆಗೆ ಅಂತ ಅವಳ ಲ್ಯಾಬಿಗೇ ಹೋಗಬೇಕೇ? ತೋಳಿನಿಂದ ರಕ್ತ ಎಳೆಯುವ ಹೊತ್ತಿಗೆ ರೋಗಿಗೆ ಗಮನ ಬೇರೆ ಕಡೆ ಹೋಗಲಿ ಅಂತ ಅವಳು ಏನಾದರೂ ಕಥೆ ಹೇಳುವುದು ವಾಡಿಕೆ. ಆವತ್ತು ನನ್ನ ಕಥೆ ಹೇಳಿದಳು.

ಅದೇ ಬೆಳಿಗ್ಗೆ ಸ್ಟಾಫ್ ರೂಮಿಗೆ ಕಾಲಿಟ್ಟರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಆಮ್ಲ ತೋಳಿನ ಹತ್ತಿ ಒತ್ತಿಕೊಂಡೇ ಕೇಳಿದರು: "ಮೇಷ್ಟ್ರೇ, ನಿಮ್ಮ ಸರ್ಕ್ಯೂಟು ಕಾವಿಗೆ ಕೂತಿದೆಯಂತೆ?"

ನನ್ನ ವಿದ್ಯೆಗಾದ ಅವಮಾನವನ್ನು ತೊಳೆಯಲೇಬೇಕಿತ್ತು. ಅಂಗಡಿಗೆ ಹೋಗಿ ಆ ನಿಂಬೆಹಣ್ಣಿನ ಗಾತ್ರದ ಕಾಯಿಲ್ ತಂದೆ. ಅಡಿಟಿಪ್ಪಣಿಗಳನ್ನೆಲ್ಲ ಕನ್ನಡಕ ಒರೆಸಿಕೊಂಡು ಓದಿದೆ. ಕೆಪಾಸಿಟರುಗಳನ್ನು ಅಳೆದು ತೂಗಿ, ಒಳಗಿನ ರೋಧ ಕಮ್ಮಿ ಇರುವಂಥವನ್ನೇ ಆರಿಸಿದೆ. ಹೆಂಡತಿ ಕೆಲಸಕ್ಕೆ ಹೋಗಿ ಅತ್ತೆ ಕೋಣೆಯಲ್ಲಿ ಅಡ್ಡಾಗಿದ್ದ ಹೊತ್ತು ನೋಡಿ, ಕಳ್ಳಹೆಜ್ಜೆಯಲ್ಲಿ ಹಳೇ ಸರ್ಕ್ಯೂಟ್ ಕಿತ್ತು ಹೊಸದನ್ನು ಕೂರಿಸಿದೆ. ಏನು ಬೆಳಕು, ಏನು ಮೌನ! ಬಲ್ಬು ಫಳಫಳ, ಕಾಯಿಲ್ ಮುಟ್ಟಿದರೆ ತಣ್ಣಗೆ. ಪೆಟ್ಟಿಗೆಯ ಬಿಸಿ ಕರಾರುವಾಕ್ಕು. ಹಳೇ ಕಾಯಿಲನ್ನು ಕಾಲೇಜಿಗೆ ಒಯ್ದು, ಕ್ಲಾಸಿನಲ್ಲಿ ಸುತ್ತು ಸುತ್ತಾಗಿ ಬಿಚ್ಚಿ, ಸುಟ್ಟ ತಂತಿಯನ್ನು ಎತ್ತಿ ಹಿಡಿದು, "ರೋಧವನ್ನು ಎಂದೂ ನಗಣ್ಯವೆಂದು ಭಾವಿಸಬಾರದು" ಎಂದು ಗದ್ಗದ ಕಂಠದಿಂದ ಪಾಠ ಮಾಡಿದೆ. ಹಿಂದಿನ ಬೆಂಚಿನವರು ಚಪ್ಪಾಳೆ ತಟ್ಟಿದರು.

ಸಂಜೆ ಮನೆಗೆ ಬಂದರೆ ಅತ್ತೆ ನೆಲದ ಮೇಲೆ ಕೂತು ಪೆಟ್ಟಿಗೆಗೆ ಕಿವಿಗೊಟ್ಟಿದ್ದರು. ಹೆಂಡತಿ ಒಂದೊಂದೇ ಮೊಟ್ಟೆಗೆ ಟಾರ್ಚ್ ಹಿಡಿದು ನೋಡುತ್ತಿದ್ದಳು.

"ಮಾತಾಡ್ತಾ ಇಲ್ಲ" ಅಂದರು ಅತ್ತೆ. "ನಿನ್ನೆಯಿಂದ ಒಳಗಡೆ ಪಿಕ್ ಪಿಕ್ ಅಂತಿದ್ವು. ಇನ್ನೇನು ಒಡೆಯೋ ದಿನ. ಮಧ್ಯಾಹ್ನದಿಂದ ಒಂದೂ ಉಸಿರೆತ್ತಿಲ್ಲ."

"ಮುಟ್ಟಬೇಡಿ ಅಂದಿದ್ದೆ" ಅಂದಳು ಹೆಂಡತಿ, ನನ್ನ ಕಡೆ ತಿರುಗದೆ.

"ಈಗ ಎಲ್ಲ ಸರಿಯಾಗಿದೆ ಕಣೇ. ಮೊದಲು ತಪ್ಪಾಗಿತ್ತು."

"ಮೊದಲು ಅವು ಕೂಗ್ತಿದ್ವು. ಒಳಗೆ ಇನ್ನೂ ಅಲ್ಲಾಡ್ತಿವೆ, ಜೀವ ಇದೆ. ಆದ್ರೆ ಚಿಪ್ಪು ಕುಟ್ತಿಲ್ಲ. ಹೀಗೇ ಬಿಟ್ರೆ ಒಳಗೇ ಸುಸ್ತಾಗಿ ಹೋಗ್ತವೆ."

ಅತ್ತೆ ಶಾಲಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದರು. "ನನ್ನ ಬಾತು ಕೊನೇ ದಿನಗಳಲ್ಲಿ ಮೊಟ್ಟೆಗಳ ಜೊತೆ ಮಾತಾಡ್ತಿತ್ತು. ಅದು ಮಾತಾಡಿದ್ರೆ ಇವು ಒಳಗಿಂದ ಉತ್ತರ ಕೊಡ್ತಿದ್ವು. ತಾಯಿ ಇಲ್ಲದಿದ್ರೆ ಏನಂತೆ, ಇಲ್ಲೂ ಒಂದು ಕುಂಯ್ ಅಂತ ಕರೀತಿದೆಯಲ್ಲ, ಇವೂ ಅದಕ್ಕೆ ಓಗೊಡ್ತಿವೆಯಲ್ಲ ಅಂತ ಸಮಾಧಾನವಾಗಿದ್ದೆ. ಅದನ್ನ ಎಲ್ಲಿಟ್ರಿ?"

ನಾನು ಜೇಬಿಗೆ ಕೈ ಹಾಕಿದೆ. ಗುಂಜು ಗುಂಜಾದ ತಂತಿಯ ಉಂಡೆಯೊಂದನ್ನು ತೆಗೆದು ಅವರ ಅಂಗೈ ಮೇಲಿಟ್ಟೆ. ಅತ್ತೆ ಅದನ್ನು ನೋಡಿದರು, ನನ್ನನ್ನು ನೋಡಿದರು. ನಾಯಿ ಮತ್ತೊಂದು ಸಲ ಬಂದು ಹೋದ ಹಾಗಿತ್ತು ಆ ನೋಟ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆಗ ಏನು ತೋಚಿತೋ, ಮೊಣಕಾಲೂರಿ, ಪೆಟ್ಟಿಗೆಯ ಕಿಟಕಿಗೆ ಬಾಯಿಟ್ಟು "ಕುಂಯ್" ಅಂದೆ.

ಉತ್ತರವಿಲ್ಲ.

"ಅಷ್ಟು ದಪ್ಪಗಲ್ಲ" ಅಂದಳು ಹೆಂಡತಿ. "ಸಣ್ಣಗೆ. ಮೂಗಿನಿಂದ."

"ತಡಿ, ಅದರ ಆವರ್ತನ ಎಷ್ಟಿರಬಹುದು ಅಂತ ಲೆಕ್ಕ..."

"ಲೆಕ್ಕ ಸಾಕು. ಕೂಗಿ."

ಮೂಗಿನಿಂದ, ಸಣ್ಣಗೆ, ಉಸಿರು ಕಟ್ಟುವವರೆಗೆ ಎಳೆದು ಕೂಗಿದೆ: "ಕುಂಯ್‌ಯ್‌ಯ್‌ಯ್." ಒಂದು ಸಲ, ಎರಡು ಸಲ, ಗಂಟಲು ಒಣಗುವ ತನಕ. ಕೊನೆಗೆ ಎಲ್ಲೋ ಬಾವಿಯ ತಳದಿಂದ ಬಂದಂತೆ ಪೆಟ್ಟಿಗೆಯೊಳಗಿಂದ ಒಂದು ದನಿ "ಪಿಕ್" ಅಂತು.

ನಾನು ಖುಷಿಯಿಂದ ತಲೆ ಎತ್ತಿದೆ. ಅತ್ತೆ ನನ್ನ ಹೆಗಲ ಮೇಲೆ ಕೈಯಿಟ್ಟು ತಲೆಯನ್ನು ಮತ್ತೆ ಕೆಳಕ್ಕೆ ಒತ್ತಿದರು. "ನಿಲ್ಲಿಸಬೇಡಿ" ಅಂದರು.

ನಿಲ್ಲಿಸಲಿಲ್ಲ ಸ್ವಾಮಿ. ಮಾರನೇ ದಿನ ಕಾಲೇಜಿಗೆ ರಜೆ ಹೇಳಿ ಕಳಿಸಿದೆ. ಕಾರಣ ಕೇಳಿದಾಗ ಬೇರೇನೂ ತೋಚದೆ "ಮನೆಯಲ್ಲಿ ಹೆರಿಗೆ" ಅಂದುಬಿಟ್ಟೆ. ಅದರಲ್ಲಿ ಸುಳ್ಳೇನಿದೆ? ಹೆಂಡತಿ ನನ್ನ ಬಾಯಿಗೆ ಬಿಸಿನೀರು ಹಾಕುತ್ತಿದ್ದಳು, ನಾನು ಕೂಗುತ್ತಿದ್ದೆ, ಒಳಗಿನವು ಉತ್ತರ ಕೊಡುತ್ತಿದ್ದವು, ಅತ್ತೆ ಎಣಿಸುತ್ತಿದ್ದರು. ಮೊದಲನೆಯ ಚಿಪ್ಪು ಬಿರುಕುಬಿಟ್ಟು ಒದ್ದೆ ಕೊಕ್ಕೊಂದು ಹೊರಗೆ ಬಂದಾಗ ಅತ್ತೆ ಶಾಲಿನಲ್ಲಿ ಮುಖ ಮುಚ್ಚಿಕೊಂಡು ಜೋರಾಗಿ ಅತ್ತರು. ನನಗೂ ಅಳು ಬಂತು, ಆದರೆ ಮಧ್ಯದಲ್ಲಿ ಕುಂಯ್ ಅನ್ನಬೇಕಾಗಿದ್ದರಿಂದ ಅಳಲಾಗಲಿಲ್ಲ. ಒಂದರ ಹಿಂದೆ ಒಂದು ಎಲ್ಲವೂ ಹೊರಗೆ ಬಂದವು. ಬಂದು, ಒಣಗಿ, ಹಳದಿ ಉಂಡೆಗಳಾಗಿ, ಪೆಟ್ಟಿಗೆಯ ಕಿಟಕಿಯಲ್ಲಿ ಮೊದಲು ನೋಡಿದ್ದು ನನ್ನ ಮುಖವನ್ನು.

ಅಲ್ಲಿಂದ ನನ್ನ ಬಾಳು ನನ್ನದಾಗಿ ಉಳಿಯಲಿಲ್ಲ. ನಾನು ಅಡುಗೆಮನೆಗೆ ಹೋದರೆ ಅವೂ ಸಾಲಾಗಿ ಅಡುಗೆಮನೆಗೆ. ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ಸಾಲಾಗಿ ಕೂತು ಗೋಳಾಟ. ಒಳಗಿಂದ ಕುಂಯ್ ಅಂದರೆ ಮಾತ್ರ ಸುಮ್ಮನಾಗುವುದು. ಕೊನೆಗೂ ಕಾಲೇಜಿಗೆ ಹೋಗಲೇಬೇಕಾಗಿ ಬಂದ ದಿನ ನನ್ನ ಹಳೇ ಅಂಗಿಯೊಂದನ್ನು ಅವಕ್ಕೆ ಹಾಸಿ ತಪ್ಪಿಸಿಕೊಂಡೆ. ಅಲ್ಲಿ ಆಮ್ಲ ಮೇಷ್ಟ್ರು "ಏನು ಮಗು? ಯಾರಿಗೆ ಹೆರಿಗೆ?" ಅಂತ ಕೇಳಿದಾಗಲೆಲ್ಲ ಗಂಟೆ ಹೊಡೆಯಿತು ಅಂತ ಕ್ಲಾಸಿಗೆ ಓಡಿದೆ.

ಸಂಜೆ ಮನೆ ಮೆಟ್ಟಿಲು ಹತ್ತುವಾಗ ಒಳಗಡೆ ಮಾತು ಕೇಳಿತು. ಆಮ್ಲ ನನಗಿಂತ ಮೊದಲೇ ಬಂದು ಕೂತಿದ್ದರು. ತೆರೆದ ಬಾಗಿಲಲ್ಲಿ ಅವರ ಕೈಯ ಪುಟ್ಟ ಉಣ್ಣೆಯ ಟೋಪಿ ಕಾಣಿಸಿತು.

"ನಮ್ಮ ಮನೆಯವಳೇ ಹೆಣೆದಿದ್ದು ತಾಯೀ. ಮೇಷ್ಟ್ರು ಬಾಯೇ ಬಿಡ್ತಿಲ್ಲ. ಬಾಣಂತಿ ಎಲ್ಲಿ? ಆರೋಗ್ಯವಾಗಿದ್ದಾಳೆ ತಾನೇ?"

"ಗಂಟಲು ಕಟ್ಟಿದೆ, ಬೇರೇನಿಲ್ಲ" ಅಂದಳು ನನ್ನ ಹೆಂಡತಿ. "ಕಾಲೇಜಿಗೆ ಹೋಗಿದ್ದಾಳೆ. ಕೊನೇ ಕ್ಲಾಸ್ ಮುಗಿಸಿ ಇನ್ನೇನು ಬರ್ತಾಳೆ."

ಹಾಗೇ ಹಿಂದಕ್ಕೆ ಸರಿದು ಬೀದಿಗಿಳಿಯೋಣ ಅಂತ ಒಂದು ಕಾಲು ಕೆಳಗಿಟ್ಟೆ. ಆ ಸದ್ದು ಸಾಕಾಯಿತು. ಹಳದಿ ಉಂಡೆಗಳೆಲ್ಲ ಹೊಸಲು ಹಾರಿ ಓಡಿಬಂದು ನನ್ನ ಬೂಟು ಸುತ್ತುಗಟ್ಟಿದವು. ನಾನು ತುಟಿ ಬಿಗಿಹಿಡಿದು ನಿಂತೆ. ಅವು ಎದೆ ಒಡೆಯುವ ಹಾಗೆ ಕೂಗಿದವು. ಆಮ್ಲ ಎದ್ದು ಬಾಗಿಲಿಗೆ ಬಂದರು.

ಒಳಗಿಂದ ಅತ್ತೆಯ ದನಿ ಬಂತು: "ಅಳಿಯಂದ್ರೇ, ಯಾರೋ ಬಂದಿದ್ದಾರೆ ಅಂತ ಸಂಕೋಚ ಮಾಡ್ಕೋಬೇಡಿ. ಮಕ್ಕಳು ಅಳ್ತಿವೆ."

ಮೆಟ್ಟಿಲ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಮೂಗಿನಿಂದ, ಸಣ್ಣಗೆ, ಕುಂಯ್ ಅಂದೆ. ಎಲ್ಲವೂ ತೆಪ್ಪಗಾದವು. ಆಮ್ಲ ಮೇಷ್ಟ್ರು ಮರಿಗಳನ್ನು ನೋಡಿದರು, ನನ್ನನ್ನು ನೋಡಿದರು, ಕೈಯಲ್ಲಿದ್ದ ಟೋಪಿಯನ್ನು ನೋಡಿದರು. ನಗಲಿಲ್ಲ, ಪುಣ್ಯಾತ್ಮ. ಬಗ್ಗಿ ಬಹಳ ಮರ್ಯಾದೆಯಿಂದ ನನ್ನ ತೋಳು ಹಿಡಿದು ಎಬ್ಬಿಸಿದರು.

"ಬಾಣಂತಿ ಹೀಗೆ ಗಾಳಿಯಲ್ಲಿ ಕೂರಬಾರದು ಮೇಷ್ಟ್ರೇ. ಒಳಗೆ ಬನ್ನಿ."